ಹಸಿರು ಕಣ್ಣು, ಕಂದು ಕಣ್ಣು ಮತ್ತು ‘ಬೆಕ್ಕಿನ ಕಣ್ಣು’

ಕಳೆದ ಶ್ರಾವಣ ಮಾಸದಲ್ಲಿ, ಶ್ರೀಮಠದ ಸಂಜೆಯ ಪ್ರವಚನವನ್ನು ಕೇಳಿಕೊಂಡು ಒಬ್ಬ ತಾಯಿ ನನ್ನ ಚಿಕಿತ್ಸಾಲಯಕ್ಕೆ ಬಂದರು. ಜೊತೆಯಲ್ಲಿ ಇಪ್ಪತ್ತನಾಲ್ಕು ವರ್ಷದ ಮಗಳಿದ್ದಳು. ಏನು ತೊಂದರೆ ಎಂದು ಕೇಳಿದೆ. “ತ್ರಾಸ ಏನಿಲ್ರೀ ಸಾಹೇಬ್ರ. ಈಕಿ ಕಣ್ಣಿನ ಬಣ್ಣ ತಿರುಗಿಸೂ ಅಂಜನ ಏನರ ಐತೇನ್ರೀ? ಬೆಕ್ಕಿನ ಕಣ್ಣು ಅಂತ ಹೇಳಿ ಎರಡು ಸಂಬಂಧ ತಪ್ಪಿದುವು” ಎಂದರು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಬಿ.ಇಡಿ. ಮುಗಿಸಿ ಶಾಲೆಯಲ್ಲಿ ಗಣಿತ ಕಲಿಸುವ ಹೆಣ್ಣುಮಗಳು ಆಕೆ. ಕಿಟಕಿಯ ಬೆಳಕಿಗೆ ಕರೆದು ಪರೀಕ್ಷಿಸಿದೆ. ಎರಡೂ ಕಣ್ಣುಗಳು ನಿರ್ಮಲವಾಗಿದ್ದವು, ದೃಷ್ಟಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಬಣ್ಣ ಮಾತ್ರ ತಿಳಿ ಹಸಿರು, ಪಾಪೆಯ ಸುತ್ತ ಸ್ವಲ್ಪ ಕಂದು.

ಆ ತಾಯಿಗೆ ನಾನು ಯಾವ ಔಷಧವನ್ನೂ ಕೊಡಲಿಲ್ಲ. ಕೊಡಬೇಕಾಗಿದ್ದುದು ತಿಳಿವಳಿಕೆ. ಅದನ್ನು ಅವರೊಬ್ಬರಿಗೆ ಹೇಳಿದರೆ ಸಾಲದು, ಸಂಬಂಧ ಬೇಡವೆಂದವರಿಗೂ ಹೇಳಬೇಕು ಎನಿಸಿತು. ಅವರೂ ನಮ್ಮ ನಡುವಿನವರೇ, ಬಹುಶಃ ಈ ಪತ್ರಿಕೆಯನ್ನು ಓದುವವರೇ. ಆದುದರಿಂದ ಈ ತಿಂಗಳು ಆಹಾರ, ಪಥ್ಯಗಳ ವಿಷಯವನ್ನು ಬದಿಗಿರಿಸಿ ಕಣ್ಣಿನ ಬಣ್ಣದ ಕುರಿತು ಬರೆಯುತ್ತಿದ್ದೇನೆ.

ಮೊದಲಿಗೆ ಹಸಿರು ಕಣ್ಣಿಗೂ ಕಂದು ಕಣ್ಣಿಗೂ ಇರುವ ವ್ಯತ್ಯಾಸವೇನು ಎಂಬುದನ್ನು ನೋಡೋಣ. ಕಣ್ಣಿನ ನಡುವೆ ಕಾಣುವ ಕಪ್ಪು ಬಿಂದುವಿಗೆ ಪಾಪೆ ಎನ್ನುತ್ತೇವೆ. ಅದು ಬೆಳಕು ಒಳಹೋಗುವ ಕಿಂಡಿ. ಅದರ ಸುತ್ತಲಿನ ಬಣ್ಣದ ಬಳೆಯೇ ವರ್ಣಪಟಲ, ವೈದ್ಯರು ಐರಿಸ್ ಎಂದು ಕರೆಯುವ ಭಾಗ. ಬೆಳಕು ಹೆಚ್ಚಾದಾಗ ಕಿಂಡಿಯನ್ನು ಕಿರಿದುಗೊಳಿಸುವುದು, ಕಡಿಮೆಯಾದಾಗ ಹಿರಿದುಗೊಳಿಸುವುದು ಇದರ ಕೆಲಸ. ಈ ಪಟಲದ ಹಿಂಬದಿಯ ಪದರವು ಎಲ್ಲ ಬಣ್ಣದ ಕಣ್ಣುಗಳಲ್ಲಿಯೂ ಗಾಢ ವರ್ಣದ್ದೇ. ವ್ಯತ್ಯಾಸ ಇರುವುದು ಮುಂಬದಿಯ ಪದರದಲ್ಲಿ. ಅಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ದಟ್ಟವಾಗಿದ್ದರೆ ಅದು ಬೆಳಕನ್ನು ಹೀರಿಕೊಂಡು ಕಣ್ಣು ಕಂದಾಗಿ ಕಾಣುತ್ತದೆ. ನಮ್ಮ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವುದು ಇದೇ ಮೆಲನಿನ್.

ಹಾಗಾದರೆ ಹಸಿರು ಕಣ್ಣಿನಲ್ಲಿ ಹಸಿರು ದ್ರವ್ಯ ಇದೆಯೇ? ಇಲ್ಲ. ಮನುಷ್ಯನ ಕಣ್ಣಿನಲ್ಲಿ ಹಸಿರು ವರ್ಣದ್ರವ್ಯವೇ ಇಲ್ಲ, ನೀಲಿಯೂ ಇಲ್ಲ. ಮುಂಬದಿಯ ಪದರದಲ್ಲಿ ಮೆಲನಿನ್ ಕಡಿಮೆಯಿದ್ದಾಗ ಒಳಹೊಕ್ಕ ಬೆಳಕು ಅಲ್ಲಿನ ಸೂಕ್ಷ್ಮ ಎಳೆಗಳಿಗೆ ತಾಗಿ ಚದುರುತ್ತದೆ. ಹಾಗೆ ಚದುರುವಾಗ ನೀಲಿ ಛಾಯೆ ಹೆಚ್ಚಾಗಿ ಹಿಂದಿರುಗುತ್ತದೆ. ಬಣ್ಣವೇ ಇಲ್ಲದ ಗಾಳಿಯ ಮೂಲಕ ಆಕಾಶ ನೀಲಿಯಾಗಿ ಕಾಣುವುದೂ ಬೆಳಕು ಚದುರುವುದರಿಂದಲೇ. ಈ ನೀಲಿ ಛಾಯೆಯೊಡನೆ ಅಲ್ಲಿರುವ ಅಲ್ಪ ಹಳದಿಗಂದು ಬಣ್ಣ ಬೆರೆತಾಗ ನಮ್ಮ ನೋಟಕ್ಕೆ ಹಸಿರು ತೋರುತ್ತದೆ. ಆದುದರಿಂದಲೇ ಅಂತಹ ಕಣ್ಣು ಬಿಸಿಲಿನಲ್ಲಿ ಒಂದು ಬಗೆ, ಮಬ್ಬಿನಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಒಟ್ಟಿನಲ್ಲಿ, ಹಸಿರು ಕಣ್ಣಿಗೂ ಕಂದು ಕಣ್ಣಿಗೂ ಇರುವ ಮುಖ್ಯ ಅಂತರ ಒಂದೇ ದ್ರವ್ಯದ ಹೆಚ್ಚು ಕಡಿಮೆ, ಅಷ್ಟೇ. ಜಗತ್ತಿನಲ್ಲಿ ಕಂದು ಕಣ್ಣಿನವರೇ ಬಹುಸಂಖ್ಯಾತರು. ಹಸಿರು ಕಣ್ಣಿನವರು ನೂರಕ್ಕೆ ಸುಮಾರು ಇಬ್ಬರು ಎಂಬುದು ಸಾಮಾನ್ಯ ಅಂದಾಜು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಂತಹ ಉತ್ತರ ಯೂರೋಪಿನ ನಾಡುಗಳಲ್ಲಿ ಅವರು ಹೆಚ್ಚು. ನಮ್ಮ ನಾಡಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ವಿರಳವಾದುದನ್ನು ಕಂಡಾಗ ಕೌತುಕವಾಗುವುದು ಸಹಜ. ಕೌತುಕವನ್ನು ಅಪಶಕುನವೆಂದು ತಿರುಚುವುದು ಮಾತ್ರ ನಮ್ಮ ತಪ್ಪು.

ನಮ್ಮ ಪ್ರಾಚೀನ ವೈದ್ಯರು ಇದನ್ನು ಹೇಗೆ ನೋಡಿದ್ದರು? ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಸ್ಥ ಶಿಶುವಿನ ಕಣ್ಣು ರೂಪುಗೊಳ್ಳುವಾಗ ತೇಜಸ್ಸು ಪಿತ್ತವನ್ನು ಅನುಸರಿಸಿದರೆ ಮಗು ಪಿಂಗಾಕ್ಷವಾಗುತ್ತದೆ ಎಂಬ ವಿವರಣೆಯಿದೆ. ಪಿಂಗವೆಂದರೆ ಹಳದಿಗಂದು ಬೆರೆತ ತಿಳಿ ಬಣ್ಣ. ಅದೇ ಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಎಣಿಸುತ್ತದೆ. ಆ ಎಣಿಕೆಯಲ್ಲಿ ಪಿಂಗಾಕ್ಷಕ್ಕೆ ಸ್ಥಾನವಿಲ್ಲ. ಅಷ್ಟಾಂಗಹೃದಯದಲ್ಲಿ ವಾಗ್ಭಟರು ಪಿತ್ತಪ್ರಕೃತಿಯವರನ್ನು ವರ್ಣಿಸುವಾಗ ಅವರ ಕಣ್ಣುಗಳು ಪಿಂಗವರ್ಣದವು, ತಂಪನ್ನು ಬಯಸುವವು, ಕೋಪದಿಂದ, ಮದ್ಯದಿಂದ ಮತ್ತು ಬಿಸಿಲಿನಿಂದ ಬೇಗನೆ ಕೆಂಪಾಗುವವು ಎಂಬ ಅರ್ಥದ ಮಾತನ್ನಾಡಿದ್ದಾರೆ. ಮೆಲನಿನ್ ವಿಷಯ ಅವರಿಗೆ ತಿಳಿದಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ತಿಳಿ ಬಣ್ಣದ ಕಣ್ಣನ್ನು ಅವರು ಪ್ರಕೃತಿಯ ಒಂದು ಬಗೆಯೆಂದು ಕಂಡರೇ ಹೊರತು ರೋಗವೆಂದು ಕಾಣಲಿಲ್ಲ. ಸಹಜವಾದ ಕಣ್ಣಿನ ಬಣ್ಣವನ್ನು ತಿರುಗಿಸುವ ಅಂಜನವನ್ನು ನಾನು ಓದಿದ ಸಂಹಿತೆಗಳಲ್ಲಿ ಎಲ್ಲಿಯೂ ಕಂಡಿಲ್ಲ. ಆಯುರ್ವೇದದ ಹೆಸರು ಹೇಳಿ ಅಂತಹುದನ್ನು ಯಾರಾದರೂ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ಬಣ್ಣ ತಿಳಿಯಾಗಲೆಂದು ಜೇನುತುಪ್ಪದ ಹನಿ ಹಾಕಿಕೊಳ್ಳುವವರೂ ಇದ್ದಾರೆ. ಅದರಿಂದ ಬಣ್ಣ ಬದಲಾಗದು, ಸೋಂಕು ತಗುಲಬಹುದು.

ಇನ್ನೊಂದು ಮಾತು ಇದಕ್ಕಿಂತ ನೋವಿನದು. ತಂದೆ ತಾಯಿ ಇಬ್ಬರಿಗೂ ಕಂದು ಕಣ್ಣು, ಮಗುವಿಗೆ ಹಸಿರು. ಆಗ ಮನೆಯ ಹಿರಿಯರು, ನೆರೆಹೊರೆಯವರು ಆಡುವ ಚುಚ್ಚುಮಾತು ಆ ಬಾಣಂತಿಯ ಎದೆಯನ್ನು ಇರಿಯುತ್ತದೆ. ನನ್ನ ವೃತ್ತಿಜೀವನದಲ್ಲಿ ಇಂತಹ ಕಣ್ಣೀರನ್ನು ಒಮ್ಮೆಯಲ್ಲ, ಹಲವು ಬಾರಿ ಕಂಡಿದ್ದೇನೆ. ಕಂದು ಕಣ್ಣಿನ ದಂಪತಿಗಳಿಗೆ ತಿಳಿ ಕಣ್ಣಿನ ಮಗು ಹುಟ್ಟುವುದು ಸಂಪೂರ್ಣ ಸಾಧ್ಯ. ಕಂದು ಬಣ್ಣ ಪ್ರಬಲ, ತಿಳಿ ಬಣ್ಣ ದುರ್ಬಲ ಎಂಬ ಸರಳ ಸೂತ್ರವನ್ನು 1907ರಲ್ಲಿ ಅಮೆರಿಕದ ಡ್ಯಾವನ್‌ಪೋರ್ಟ್ ದಂಪತಿಗಳು ಮುಂದಿಟ್ಟರು. ಆ ಸೂತ್ರದ ಪ್ರಕಾರವೂ ತಂದೆ ತಾಯಿಗಳಲ್ಲಿ ಅಡಗಿದ್ದ ಗುಣ ಮಗುವಿನಲ್ಲಿ ಪ್ರಕಟವಾಗಬಹುದು. ಮುತ್ತಜ್ಜನಲ್ಲಿದ್ದುದು ಎರಡು ತಲೆಮಾರು ಮರೆಯಾಗಿದ್ದು ಮೂರನೆಯ ತಲೆಮಾರಿನಲ್ಲಿ ತಲೆಯೆತ್ತಬಹುದು. ನಿಜ ಸಂಗತಿ ಆ ಸೂತ್ರಕ್ಕಿಂತ ಬಹಳ ಜಟಿಲವೆಂದು ಈಗ ತಿಳಿದಿದೆ. 15ನೆಯ ವರ್ಣತಂತುವಿನ ಮೇಲಿರುವ ಎರಡು ವಂಶವಾಹಿಗಳು ಇದರಲ್ಲಿ ಮುಖ್ಯವಾದುವು. 2008ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಇವುಗಳಲ್ಲಿ ಒಂದರೊಳಗಿನ ಅತಿ ಸಣ್ಣ ಬದಲಾವಣೆ ಇನ್ನೊಂದರ ಕೆಲಸವನ್ನು ತಗ್ಗಿಸಿ ನೀಲಿ ಕಣ್ಣಿಗೆ ಕಾರಣವಾಗುವುದನ್ನು ತೋರಿಸಿದರು. 2021ರಲ್ಲಿ ಸುಮಾರು 1,95,000 ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 50 ಹೊಸ ತಾಣಗಳನ್ನು ಗುರುತಿಸಿತು. ಇಷ್ಟೊಂದು ಎಳೆಗಳು ಸೇರಿ ನೇಯುವ ಬಣ್ಣವನ್ನು ಹಿಡಿದುಕೊಂಡು ಒಬ್ಬ ಹೆಣ್ಣುಮಗಳ ಶೀಲವನ್ನು ಅಳೆಯುವುದು ಅಜ್ಞಾನ ಮಾತ್ರವಲ್ಲ, ಪಾಪವೂ ಹೌದು.

ನಮ್ಮ ಇಬ್ಬಗೆಯ ನಡತೆಯನ್ನೂ ಗಮನಿಸಿ. ಮಂಗಳೂರಿನಲ್ಲಿ ಜನಿಸಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದಾಗ ಆಕೆಯ ಹಸಿರು ಛಾಯೆಯ ಕಣ್ಣುಗಳನ್ನು ನಾಡೆಲ್ಲ ಕೊಂಡಾಡಿತು. ಅಂತಹುದೇ ಕಣ್ಣು ನೆರೆಮನೆಯ ಹುಡುಗಿಗೆ ಇದ್ದರೆ ಅದು ಬೆಕ್ಕಿನ ಕಣ್ಣು, ಮನೆಗೆ ಆಗಿಬರದ ಕಣ್ಣು. ಪರದೆಯ ಮೇಲೆ ಸೌಂದರ್ಯವಾದುದು ಪಡಸಾಲೆಯಲ್ಲಿ ದೋಷವಾಗುವುದು ಹೇಗೆ? ಹುಟ್ಟಿನಿಂದ ಬಂದುದನ್ನು ಹಿಡಿದು ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸಬಾರದು ಎಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಸಾರಿದ ನಾಡಿದು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿ ನಿಲ್ಲಿಸುವ ಭಕ್ತನಿಗೆ ಬೇಕಾದುದು ನೋಟದ ಏಕಾಗ್ರತೆ. ಆ ಕಣ್ಣು ಹಸಿರೋ ಕಂದೋ ಎಂದು ಲಿಂಗಯ್ಯ ಕೇಳುವುದಿಲ್ಲ.

ಗುರುತಿನ ವಿಷಯದಲ್ಲಿಯೂ ಬಣ್ಣಕ್ಕೆ ಮಹತ್ತ್ವವಿಲ್ಲ. ಆಧಾರ್ ನೋಂದಣಿಗೆ ಹೋದಾಗ ನಿಮ್ಮ ಎರಡೂ ಕಣ್ಣುಗಳ ಚಿತ್ರ ತೆಗೆದದ್ದು ನೆನಪಿರಬೇಕು. ಅಂತಹ ಯಂತ್ರಗಳು ಬರಿಗಣ್ಣಿಗೆ ಕಾಣದ ಅವಕೆಂಪು ಕಿರಣದ ನೆರವಿನಿಂದ ವರ್ಣಪಟಲದ ಎಳೆಗಳ ವಿನ್ಯಾಸವನ್ನು ಓದುತ್ತವೆ, ಬಣ್ಣವನ್ನಲ್ಲ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಛಾಯಾಗ್ರಾಹಕ ಸ್ಟೀವ್ ಮೆಕರಿ ಸೆರೆಹಿಡಿದ ಹಸಿರು ಕಣ್ಣಿನ ಆಫ್ಘನ್ ಬಾಲಕಿಯ ಚಿತ್ರವನ್ನು ಅನೇಕರು ನೋಡಿರಬಹುದು. 1985ರ ಜೂನ್ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಮುಖಪುಟದಲ್ಲಿ ಅದು ಪ್ರಕಟವಾಗಿತ್ತು. 2002ರಲ್ಲಿ ಆಕೆಯನ್ನು ಮರಳಿ ಹುಡುಕಿದಾಗ ಇವಳೇ ಅವಳೆಂದು ಖಚಿತಪಡಿಸಿದ್ದು ಜಗತ್ತು ಬೆರಗಾದ ಆ ಹಸಿರಲ್ಲ. ಕೇಂಬ್ರಿಜ್‌ನ ಜಾನ್ ಡಾಗ್ಮನ್ ಅವರು ಹೋಲಿಸಿ ನೋಡಿದ ವರ್ಣಪಟಲದ ವಿನ್ಯಾಸ.

ಆರೋಗ್ಯದ ದೃಷ್ಟಿಯಿಂದ ಎರಡು ಬಣ್ಣಗಳ ನಡುವೆ ವ್ಯತ್ಯಾಸ ಇಲ್ಲವೇ ಇಲ್ಲವೆಂದರೆ ಅದೂ ಸರಿಯಲ್ಲ. ಸ್ವಲ್ಪ ಇದೆ. ತಿಳಿ ಬಣ್ಣದ ಕಣ್ಣಿಗೆ ಪ್ರಖರ ಬೆಳಕು ಹೆಚ್ಚು ಕುಕ್ಕುತ್ತದೆ. ಅಂಥವರು ಬಿಸಿಲಿನಲ್ಲಿ ಅಗಲ ಅಂಚಿನ ಟೋಪಿಯನ್ನೋ, ಅತಿನೇರಳೆ ಕಿರಣವನ್ನು ತಡೆಯುವ ಕಪ್ಪು ಕನ್ನಡಕವನ್ನೋ ಬಳಸುವುದು ಒಳ್ಳೆಯದು. ಕಣ್ಣಿನೊಳಗೆ ಹುಟ್ಟುವ ಮೆಲನೋಮಾ ಎಂಬ ಅರ್ಬುದವು ತಿಳಿ ಕಣ್ಣಿನವರಲ್ಲಿ ತುಸು ಹೆಚ್ಚು, ಆದರೆ ಅದು ಅತಿ ವಿರಳವಾದ ರೋಗ. ಕಂದು ಕಣ್ಣಿನವರು ತಾವು ಸುರಕ್ಷಿತರೆಂದು ಬೀಗಬೇಕಾಗಿಲ್ಲ. ಆಸ್ಟ್ರೇಲಿಯದ ಬ್ಲೂ ಮೌಂಟನ್ಸ್ ಪ್ರದೇಶದಲ್ಲಿ ನಡೆದ ಅಧ್ಯಯನದಲ್ಲಿ ಗಾಢ ಕಂದು ಕಣ್ಣಿನವರಲ್ಲಿ ಕಣ್ಣಿನ ಪೊರೆಯ ಕೆಲವು ಬಗೆಗಳು ಹೆಚ್ಚಾಗಿ ಕಂಡುಬಂದವು. ತಪಾಸಣೆಗೆಂದು ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿದಾಗ ಕಂದು ಕಣ್ಣು ನಿಧಾನವಾಗಿ ಹಿಗ್ಗುತ್ತದೆ. ಗ್ಲಾಕೋಮಾ ರೋಗಕ್ಕೆ ಕೊಡುವ ಲ್ಯಾಟನೋಪ್ರೋಸ್ಟ್ ಎಂಬ ಹನಿಯಿಂದ ಹಸಿರುಗಂದು ಮಿಶ್ರಿತ ಕಣ್ಣು ಕ್ರಮೇಣ ಕಂದಾಗಬಹುದು, ಹಾಗಾದ ಬಣ್ಣ ಹಿಂದಿರುಗದು. ಹೆದರಿ ಆ ಹನಿಯನ್ನು ತಾವಾಗಿಯೇ ನಿಲ್ಲಿಸಬಾರದು. ಗ್ಲಾಕೋಮಾದಿಂದ ಹೋದ ದೃಷ್ಟಿಯೂ ಹಿಂದಿರುಗುವುದಿಲ್ಲ. ಈ ವ್ಯತ್ಯಾಸಗಳೆಲ್ಲ ಎಚ್ಚರಿಕೆಗೆ ಸಂಬಂಧಿಸಿದವು, ಯೋಗ್ಯತೆಗಲ್ಲ.

ಒಂದು ಕಡೆ ಹಸಿರು ಕಣ್ಣಿನವರು ಕಂದು ಬಣ್ಣಕ್ಕಾಗಿ ಹಂಬಲಿಸಿದರೆ, ಇನ್ನೊಂದು ಕಡೆ ಕಂದು ಕಣ್ಣಿನ ಯುವಜನರು ಮದುವೆಯ ಛಾಯಾಚಿತ್ರಕ್ಕೆಂದು ಹಸಿರು ಲೆನ್ಸ್ ಹಾಕಿಕೊಳ್ಳುತ್ತಿದ್ದಾರೆ. ಕಣ್ಣಿನ ವೈದ್ಯರ ಸಲಹೆಯಿಲ್ಲದೆ ಕೊಳ್ಳುವುದು, ಗೆಳತಿಯರು ಒಂದೇ ಜೊತೆಯನ್ನು ಹಂಚಿಕೊಳ್ಳುವುದು, ನಲ್ಲಿಯ ನೀರಿನಲ್ಲಿ ತೊಳೆಯುವುದು, ಹಾಕಿಕೊಂಡೇ ಮಲಗುವುದು, ಇವೆಲ್ಲ ಕಾರ್ನಿಯಾದ ಹುಣ್ಣಿಗೆ ದಾರಿ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಮೂಲಕ ಕಣ್ಣನ್ನು ಹೊಕ್ಕರೆ ತಿಂಗಳುಗಟ್ಟಲೆ ನೋವು, ಕೆಲವೊಮ್ಮೆ ಅಂಧತ್ವ. ಶಸ್ತ್ರಚಿಕಿತ್ಸೆಯಿಂದ ಕಣ್ಣೊಳಗೆ ಬಣ್ಣದ ಬಿಲ್ಲೆ ಕೂರಿಸುವ ಪದ್ಧತಿ ಕೆಲವು ದೇಶಗಳಲ್ಲಿ ನಡೆದು ಎಷ್ಟೋ ಜನ ದೃಷ್ಟಿ ಕಳೆದುಕೊಂಡಿದ್ದಾರೆ. ಚಂದಕ್ಕಾಗಿ ಕಣ್ಣನ್ನೇ ಪಣವಿಡುವುದು ಬೇಡ.

ಇಷ್ಟು ಹೇಳಿದ ಮೇಲೆ ‘ಬೆಕ್ಕಿನ ಕಣ್ಣು’ ಎಂಬ ಮಾತಿಗೇ ಮರಳುತ್ತೇನೆ. ಈ ಮಾತನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಕಲಕುವುದಕ್ಕೆ ಬೇರೊಂದು ಕಾರಣವೂ ಇದೆ.

ಬಿ.ಎ.ಎಂ.ಎಸ್. ಮುಗಿಸಿ ಹಳ್ಳಿಯಲ್ಲಿ ವೃತ್ತಿ ಆರಂಭಿಸಿದ ಎರಡನೆಯ ವರ್ಷ. ಅಜ್ಜಿಯೊಬ್ಬರು ವರ್ಷ ತುಂಬಿದ ಮೊಮ್ಮಗನನ್ನು ಕೆಮ್ಮಿಗೆ ತೋರಿಸಲು ತಂದಿದ್ದರು. ಕತ್ತಲಾಗುತ್ತಿತ್ತು. ಲಾಟೀನಿನ ಬೆಳಕಿನಲ್ಲಿ ಮಗುವಿನ ಎಡಗಣ್ಣಿನ ಪಾಪೆಯೊಳಗೆ ಬಿಳಿಯ ಹೊಳಪೊಂದು ಮಿಂಚಿ ಮರೆಯಾಯಿತು. ಕೇಳಿದೆ. “ಏನಿಲ್ಲಪಾ, ಕೂಸಿಗೆ ಬೆಕ್ಕಿನ ಕಣ್ಣು. ಅವರ ಮುತ್ಯಾಗೂ ಹಂಗ ಇತ್ತು” ಎಂದು ಅಜ್ಜಿ ನಕ್ಕರು. ನಾನೂ ನಕ್ಕು ಕೆಮ್ಮಿಗೆ ಔಷಧ ಕೊಟ್ಟು ಕಳುಹಿಸಿದೆ. ಏಳೆಂಟು ತಿಂಗಳ ನಂತರ ಅದೇ ಮಗು ಊದಿದ, ಕೆಂಪಾದ ಕಣ್ಣಿನೊಡನೆ ಮರಳಿ ಬಂದಿತು. ಆಗ ಓಡಿದೆವು. ಅದು ರೆಟಿನೋಬ್ಲಾಸ್ಟೋಮಾ, ಮಕ್ಕಳ ಕಣ್ಣಿನೊಳಗಿನ ಅರ್ಬುದ. ಜೀವ ಉಳಿಸಲು ಆ ಕಣ್ಣನ್ನು ತೆಗೆಯಬೇಕಾಯಿತು. ಆ ಹುಡುಗ ಇಂದು ಮೂವತ್ತೈದು ದಾಟಿದ ಗೃಹಸ್ಥ. ಜಾತ್ರೆಯಲ್ಲಿ ಸಿಕ್ಕಾಗ “ಶರಣ್ರೀ ಡಾಕ್ಟರ್” ಎಂದು ಕೈಮುಗಿಯುತ್ತಾನೆ. ಅವನ ಮುಖವನ್ನು ನೇರವಾಗಿ ನೋಡಲು ನನಗೆ ಇಂದಿಗೂ ಕಷ್ಟ. ಅಜ್ಜಿಯದು ತಿಳಿಯದ ಮಾತು. ತಿಳಿದಿರಬೇಕಾದವನು ನಾನಾಗಿದ್ದೆ.

ಒಂದೇ ಹೆಸರಿನ ಕೆಳಗೆ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ತುಂಬಿಟ್ಟಿದ್ದೇವೆ. ಬಳೆಯ ಬಣ್ಣ ಹಸಿರಾಗಿರುವುದು ಒಂದು, ಅದು ನಿರಪಾಯ. ಬಳೆಯ ನಡುವಿನ ಕಪ್ಪು ಪಾಪೆಯಲ್ಲಿ ಬಿಳಿ ಹೊಳಪು ಕಾಣುವುದು ಇನ್ನೊಂದು, ಅದು ಅಪಾಯ. ನಿರಪಾಯವಾದುದಕ್ಕೆ ಸಂಬಂಧ ಮುರಿಯುತ್ತೇವೆ, ಅಪಾಯವಾದುದನ್ನು ನಕ್ಕು ಬಿಡುತ್ತೇವೆ. ರೆಟಿನೋಬ್ಲಾಸ್ಟೋಮಾ ಸುಮಾರು 15,000ದಿಂದ 20,000 ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಬಹುತೇಕ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಬೇಗ ಪತ್ತೆಯಾದರೆ ಜೀವ ಉಳಿಯುವುದು ಮಾತ್ರವಲ್ಲ, ಎಷ್ಟೋ ಸಲ ಕಣ್ಣನ್ನೂ ಉಳಿಸಬಹುದು. ಬಿಳಿ ಹೊಳಪಿಗೆ ಹುಟ್ಟಿನಿಂದ ಬಂದ ಪೊರೆಯೂ ಕಾರಣವಾಗಿರಬಹುದು. ಅದಕ್ಕೂ ತಡಮಾಡದ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ.

ಆದುದರಿಂದ ತಾಯಂದಿರಲ್ಲಿ, ಅಜ್ಜಿಯರಲ್ಲಿ ನನ್ನ ವಿನಂತಿ. ಮಗುವಿನ ಪಾಪೆಯಲ್ಲಿ ಬಿಳಿ ಅಥವಾ ಹಳದಿ ಹೊಳಪು ಕಂಡರೆ, ಫ್ಲ್ಯಾಶ್ ಹಾಕಿ ತೆಗೆದ ಮೊಬೈಲ್ ಚಿತ್ರದಲ್ಲಿ ಒಂದು ಕಣ್ಣು ಕೆಂಪಾಗಿಯೂ ಇನ್ನೊಂದು ಬೆಳ್ಳಗೂ ಕಂಡರೆ, ಹೊಸದಾಗಿ ಮೆಳ್ಳೆಗಣ್ಣು ತೋರಿದರೆ, ಮೂರು ತಿಂಗಳು ಕಳೆದರೂ ಮಗು ಮುಖವನ್ನು ದಿಟ್ಟಿಸದಿದ್ದರೆ ಆ ವಾರವೇ ಕಣ್ಣಿನ ತಜ್ಞರಲ್ಲಿಗೆ ಕರೆದೊಯ್ಯಿರಿ. ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗವಿದೆ, ಬೆಂಗಳೂರಿನಲ್ಲಿ ಸರ್ಕಾರದ ಮಿಂಟೊ ಕಣ್ಣಾಸ್ಪತ್ರೆಯಿದೆ. ಇಂತಹ ಮಗುವಿಗೆ ನಾನಾಗಲಿ ಬೇರೆ ಆಯುರ್ವೇದ ವೈದ್ಯರಾಗಲಿ ಹನಿ, ಅಂಜನ ಕೊಟ್ಟು ಕಾಲ ಕಳೆಯುವಂತಿಲ್ಲ. ಕಳುಹಿಸಿಕೊಡುವುದೇ ನಮ್ಮ ಚಿಕಿತ್ಸೆ. ದೊಡ್ಡವರಲ್ಲಿಯೂ ಹುಟ್ಟಿನಿಂದ ಇದ್ದ ಬಣ್ಣಕ್ಕೆ ಅಂಜಬೇಕಾಗಿಲ್ಲ. ಆದರೆ ಒಂದು ಕಣ್ಣಿನ ಬಣ್ಣ ನಡುವಯಸ್ಸಿನಲ್ಲಿ ಬದಲಾದರೆ, ಅಥವಾ ವರ್ಣಪಟಲದ ಮೇಲೆ ಹೊಸ ಮಚ್ಚೆ ಬೆಳೆಯುತ್ತಿದ್ದರೆ ತೋರಿಸಿಕೊಳ್ಳಲೇಬೇಕು.

ಗಣಿತ ಕಲಿಸುವ ಆ ಹೆಣ್ಣುಮಗಳಿಗೆ ಇನ್ನೂ ಮದುವೆಯಾಗಿಲ್ಲ. ಹೋದ ತಿಂಗಳು ತಾಯಿಯ ಮೊಣಕಾಲು ನೋವಿಗೆ ಎಣ್ಣೆ ಒಯ್ಯಲು ಬಂದಿದ್ದಳು. ಈ ಬಾರಿ ತಲೆಯೆತ್ತಿ ಮಾತನಾಡಿದಳು. “ನಮ್ಮ ಸಾಲಿ ಮಕ್ಕಳಿಗೆ ಆಕಾಶ ಯಾಕ ನೀಲಿ ಅಂತ ಹೇಳೂ ಮುಂದ ನನ್ನ ಕಣ್ಣನ್ನ ತೋರಿಸೇನ್ರೀ ಸರ್” ಎಂದಳು. ಮಕ್ಕಳಿಗೆ ತಿಳಿದದ್ದು ಹಿರಿಯರಿಗೂ ತಿಳಿಯಲಿ. ಮುಂದಿನ ಸಲ ಯಾರಾದರೂ ನಿಮ್ಮೆದುರು ‘ಬೆಕ್ಕಿನ ಕಣ್ಣು’ ಎಂದರೆ, ಬಳೆಯ ಬಣ್ಣವೋ ಪಾಪೆಯ ಹೊಳಪೋ ಎಂದು ಒಮ್ಮೆ ಕೇಳಿರಿ. ಬಣ್ಣವಾದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿರಿ. ಹೊಳಪಾದರೆ ಆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡಿರಿ.